ದಯವಿಟ್ಟು ಕಥೆ ಹೇಳಬೇಡಿ

ಸಿನಿಮಾ ಮುಗಿದ ಮೇಲೆ ತೆರೆಯ ಮೇಲೆ ಮೂಡುವ ಅಕ್ಷರಗಳಿಗೆ ಸಾಮಾನ್ಯವಾಗಿ ಓದುಗರಿಲ್ಲ. ಕಥೆ ಒಂದು ದಡ ಸೇರಿತೆಂದು ಖಚಿತವಾದ ಕೂಡಲೇ ಅರ್ಧ ಮಂದಿ ಎದ್ದಿರುತ್ತಾರೆ. ಉಳಿದರ್ಧ ಮಂದಿ ಕತ್ತಲಲ್ಲಿ ಚಪ್ಪಲಿ ತಡಕುತ್ತಿರುತ್ತಾರೆ. ಆದರೆ 1955ರ ಜನವರಿ ಕೊನೆಯಲ್ಲಿ ಫ್ರಾನ್ಸಿನಲ್ಲಿ ತೆರೆಕಂಡ ಒಂದು ಚಿತ್ರದ ಕೊನೆಯ ಅಕ್ಷರಗಳು ಓದಲೆಂದೇ ಬರೆದವು. ಅವು ಪ್ರೇಕ್ಷಕರಲ್ಲಿ ಮಾಡಿಕೊಂಡ ಮನವಿ ಇಷ್ಟೇ: ಈಗ ಕಂಡದ್ದನ್ನು ಹೊರಗೆ ಹೋಗಿ ಗೆಳೆಯರಿಗೆ ಹೇಳಿ ಅವರ ಕುತೂಹಲವನ್ನು ಹಾಳುಮಾಡಬೇಡಿ, ಈ ಕಥೆಯ ಪಾತ್ರಗಳಂತೆ ನೀವೂ ಕೇಡಿಗರಾಗಬೇಡಿ.

ಚಿತ್ರದ ಹೆಸರು ‘ಲೇ ಡಿಯಾಬೋಲಿಕ್’. ‘ಪಿಶಾಚಿಯಂಥವರು’ ಎಂದು ಅದರ ಅರ್ಥ ಹೇಳಬಹುದು. ನಿರ್ದೇಶಕ ಆನ್ರಿ ಜಾರ್ಜ್ ಕ್ಲೂಜೋ. ಎಪ್ಪತ್ತು ವರ್ಷಗಳ ಮೇಲೂ ಈ ಕಪ್ಪು ಬಿಳುಪಿನ ಚಿತ್ರವನ್ನು ನೋಡುವವರಿದ್ದಾರೆ. ಅದರ ಕೊನೆಯನ್ನು ಬಿಟ್ಟುಕೊಡದೆ ಕಾಪಾಡುವವರೂ ಇದ್ದಾರೆ. ಒಂದು ಪತ್ತೇದಾರಿ ಕಥೆಯ ಗುಟ್ಟನ್ನು ಅಪರಿಚಿತರೆಲ್ಲ ಸೇರಿ ಇಷ್ಟು ಕಾಲ ಕಾದುಕೊಂಡು ಬಂದದ್ದು ಸಣ್ಣ ಸಂಗತಿಯಲ್ಲ. ಆ ಮನವಿಯನ್ನು ಈ ಲೇಖನವೂ ಪಾಲಿಸುತ್ತದೆ. ಆದ್ದರಿಂದ ಚಿತ್ರ ನೋಡದವರು ಧೈರ್ಯವಾಗಿ ಮುಂದೆ ಓದಬಹುದು.

ಇಬ್ಬರು ಬರೆದ ಕಾದಂಬರಿ

ಚಿತ್ರಕ್ಕೆ ಮೂಲ 1952ರಲ್ಲಿ ಪ್ರಕಟವಾದ ಒಂದು ಫ್ರೆಂಚ್ ಕಾದಂಬರಿ. ಹೆಸರನ್ನು ಕನ್ನಡಕ್ಕೆ ತಂದರೆ ‘ಇಲ್ಲವಾದವಳು’ ಎಂದಾದೀತು. ಬರೆದವರು ಪಿಯರ್ ಬ್ವಾಲೊ ಮತ್ತು ತೋಮಾ ನಾರ್ಸ್‌ಜಾಕ್. ಇಬ್ಬರೂ ಮೊದಲು ಬೇರೆ ಬೇರೆಯಾಗಿ ಬರೆಯುತ್ತಿದ್ದವರು. 1948ರಲ್ಲಿ ಭೇಟಿಯಾದ ಮೇಲೆ ಜೋಡಿಯಾದರು. ಬ್ವಾಲೊ ಕಥೆಯ ಗಂಟು ಹಾಕುವುದರಲ್ಲಿ ನಿಸ್ಸೀಮ. ನಾಂತ್ ಪಟ್ಟಣದಲ್ಲಿ ಮೇಷ್ಟರಾಗಿದ್ದ ನಾರ್ಸ್‌ಜಾಕ್ ಆ ಗಂಟಿಗೆ ಮನುಷ್ಯರನ್ನೂ ಮಾತನ್ನೂ ಮಂಜನ್ನೂ ತುಂಬುವವರು. ಒಬ್ಬರು ಅಸ್ಥಿಪಂಜರ ಕೊಟ್ಟರೆ ಇನ್ನೊಬ್ಬರು ರಕ್ತಮಾಂಸ ಕೊಡುತ್ತಿದ್ದರು.

ಅಲ್ಲಿಯವರೆಗಿನ ಪತ್ತೇದಾರಿ ಕಾದಂಬರಿಗಳಲ್ಲಿ ಎರಡು ಬಗೆ ಪ್ರಚಾರದಲ್ಲಿದ್ದವು. ಒಂದರಲ್ಲಿ ಕೊಲೆಯಾಗುತ್ತದೆ, ಬುದ್ಧಿವಂತ ಪತ್ತೇದಾರ ಬರುತ್ತಾನೆ, ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಕೂಡಿಸಿ ಕೊಲೆಗಾರನತ್ತ ಬೆರಳು ತೋರಿಸುತ್ತಾನೆ. ಇನ್ನೊಂದರಲ್ಲಿ ಪಿಸ್ತೂಲು, ಗುದ್ದಾಟ, ಅಪರಾಧಿಗಳ ಲೋಕ. ಬ್ವಾಲೊ ಮತ್ತು ನಾರ್ಸ್‌ಜಾಕ್ ಈ ಎರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿದರು. ಕಥೆಯನ್ನು ಪತ್ತೇದಾರನ ಕಣ್ಣಿನಿಂದಲೂ ಅಪರಾಧಿಗಳ ಜಂಬದಿಂದಲೂ ನೋಡದೆ, ಬಲೆಗೆ ಬಿದ್ದು ಒದ್ದಾಡುವವನ ಕಣ್ಣಿನಿಂದ ನೋಡಿದರು. ಓದುಗನಿಗೂ ಆ ಪಾತ್ರಕ್ಕೆ ತಿಳಿದಷ್ಟೇ ತಿಳಿಯುತ್ತದೆ. ಅದು ಹೆದರಿದಾಗ ಓದುಗನೂ ಹೆದರುತ್ತಾನೆ.

ಕಾದಂಬರಿಯ ನಾಯಕ ರವಿನೆಲ್ ಊರೂರು ಅಲೆದು ಸರಕು ಮಾರುವ ಸಾಧಾರಣ ಮನುಷ್ಯ. ವೈದ್ಯೆಯಾದ ತನ್ನ ಪ್ರೇಯಸಿಯ ಜೊತೆ ಸೇರಿ, ವಿಮೆಯ ಹಣದ ಆಸೆಗೆ, ಹೆಂಡತಿಯನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಆದರೆ ಸಿಗಬೇಕಾದ ಜಾಗದಲ್ಲಿ ಹೆಣ ಸಿಗುವುದಿಲ್ಲ. ಅಷ್ಟೇ ಅಲ್ಲ, ಸತ್ತ ಹೆಂಡತಿಯಿಂದ ಕಾಗದ ಬರತೊಡಗುತ್ತದೆ.

ಕ್ಲೂಜೋ ಇದನ್ನು ತೆರೆಗೆ ತಂದಾಗ ಗಂಡು ಹೆಣ್ಣಿನ ಪಾತ್ರಗಳನ್ನೇ ಅದಲುಬದಲು ಮಾಡಿದರು. ಕಾದಂಬರಿಯಲ್ಲಿ ಗಂಡ ಮತ್ತು ಪ್ರೇಯಸಿ ಸೇರಿ ಹೆಂಡತಿಯನ್ನು ಕೊಂದರೆ, ಚಿತ್ರದಲ್ಲಿ ಹೆಂಡತಿ ಮತ್ತು ಪ್ರೇಯಸಿ ಸೇರಿ ಗಂಡನನ್ನು ಕೊಲ್ಲುತ್ತಾರೆ. ಮೂಲಕ್ಕೆ ನಿಷ್ಠೆ ಎಂದರೆ ಪುಟಕ್ಕೆ ಪುಟ ತೆಗೆದಿಡುವುದು ಎಂದು ತಿಳಿದವರಿಗೆ ಇದು ಅನ್ಯಾಯವಾಗಿ ಕಾಣಬಹುದು. ಆದರೆ ಕ್ಲೂಜೋ ಉಳಿಸಿಕೊಂಡದ್ದು ಆ ಜೋಡಿ ಲೇಖಕರ ಮುಖ್ಯ ಸಂಗತಿಯನ್ನೇ: ತಪ್ಪು ಮಾಡಿದವರ ಎದೆಯೊಳಗೆ ಕುಳಿತು ಹೆದರುವುದು.

ಕೊಳದ ನೀರು

ಪ್ಯಾರಿಸ್ ಬಳಿಯ ಒಂದು ಖಾಸಗಿ ವಸತಿ ಶಾಲೆ. ಗೋಡೆಗಳಿಗೆ ಸುಣ್ಣ ಕಂಡು ಎಷ್ಟೋ ಕಾಲವಾಗಿದೆ. ಈಜುಕೊಳದ ನೀರು ಪಾಚಿಗಟ್ಟಿದೆ. ಮಕ್ಕಳಿಗೆ ಬಡಿಸುವ ಮೀನು ನಾರುತ್ತದೆ. ಶಾಲೆಯ ಹಣವೆಲ್ಲ ಹೆಂಡತಿ ಕ್ರಿಸ್ತೀನಾಳದು. ದರ್ಬಾರು ಗಂಡ ಮಿಶೆಲ್‌ನದು. ಅವಳು ದೈವಭಕ್ತೆ, ಹೃದಯದ ಕಾಯಿಲೆಯವಳು. ಅದೇ ಶಾಲೆಯ ಶಿಕ್ಷಕಿ ನಿಕೋಲ್ ಮಿಶೆಲ್‌ನ ಪ್ರೇಯಸಿ. ಇದು ಎಲ್ಲರಿಗೂ ಗೊತ್ತು. ಒಂದು ದಿನ ನಿಕೋಲ್ ಕಪ್ಪು ಕನ್ನಡಕ ಹಾಕಿಕೊಂಡು ಬರುತ್ತಾಳೆ. ಕನ್ನಡಕದ ಹಿಂದೆ ಹೊಡೆತದ ಗುರುತಿದೆ. ಸವತಿಯರಾಗಬೇಕಾದವರು ಒಬ್ಬನೇ ಗಂಡಸಿನ ಏಟಿನಿಂದಾಗಿ ಹತ್ತಿರವಾಗುತ್ತಾರೆ.

ಊಟದ ಮನೆಯಲ್ಲಿ ಒಂದು ದೃಶ್ಯವಿದೆ. ಹಳಸಿದ ಮೀನು ಹೆಂಡತಿಯ ಗಂಟಲಲ್ಲಿ ಇಳಿಯುವುದಿಲ್ಲ. ಮಕ್ಕಳು, ಮೇಷ್ಟರುಗಳು ಎಲ್ಲರೂ ನೋಡುತ್ತಿರುವಾಗ ಗಂಡ ಅವಳನ್ನು ನುಂಗುವಂತೆ ಬಲವಂತ ಮಾಡುತ್ತಾನೆ. ಕೈ ಎತ್ತುವುದಿಲ್ಲ, ಕೂಗುವುದಿಲ್ಲ. ಅವಳು ನುಂಗುತ್ತಾಳೆ. ಇವನು ಸತ್ತರೆ ತಪ್ಪೇನು ಎಂದು ಪ್ರೇಕ್ಷಕನ ಮನಸ್ಸು ಆಗಲೇ ಒಳಗೊಳಗೆ ಲೆಕ್ಕ ಹಾಕತೊಡಗುತ್ತದೆ. ಕ್ಲೂಜೋನ ಕುಶಲತೆ ಇರುವುದು ಇಲ್ಲಿ. ಕೊಲೆ ನಡೆಯುವ ಹೊತ್ತಿಗೆ ನೋಡುವವರೂ ಅದರಲ್ಲಿ ಪಾಲುದಾರರಾಗಿರುತ್ತಾರೆ.

ರಜೆಯ ದಿನಗಳಲ್ಲಿ ಇಬ್ಬರು ಹೆಂಗಸರೂ ನಿಯೋರ್ ಎಂಬ ಊರಿಗೆ ಹೋಗುತ್ತಾರೆ. ಅಲ್ಲಿ ನಿಕೋಲ್‌ಳ ಮನೆ ಇದೆ. ನಿಯೋರ್ ನಿರ್ದೇಶಕ ಕ್ಲೂಜೋ 1907ರಲ್ಲಿ ಹುಟ್ಟಿದ ಊರೂ ಹೌದು. ಮಿಶೆಲ್‌ನನ್ನು ಅಲ್ಲಿಗೆ ಬರಮಾಡಿಕೊಂಡು, ಮದ್ಯದಲ್ಲಿ ಮತ್ತು ಬರುವ ಔಷಧಿ ಬೆರೆಸಿ ಕುಡಿಸಿ, ಸ್ನಾನದ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಮಹಡಿಯಲ್ಲಿ ಬಾಡಿಗೆಗಿರುವವರು ರೇಡಿಯೊ ಕೇಳುತ್ತಿರುತ್ತಾರೆ. ಅಪರಾತ್ರಿಯಲ್ಲಿ ಇದೇನು ಸ್ನಾನ, ನಲ್ಲಿಯ ಸದ್ದಿನಿಂದ ಕೆಳಗಿನವರ ಕಾಟ ಎಂದು ಅವರ ಗೊಣಗಾಟ! ಕೊಲೆಯ ಪಕ್ಕದಲ್ಲೇ ಬಾಡಿಗೆಮನೆಯ ತಕರಾರು. ನಗು ಬರುತ್ತದೆ, ಬಂದದ್ದಕ್ಕೆ ನಾಚಿಕೆಯೂ ಆಗುತ್ತದೆ.

ದೇಹವನ್ನು ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿ ತುಂಬಿ, ರಾತ್ರಿಯೆಲ್ಲ ವ್ಯಾನು ಓಡಿಸಿಕೊಂಡು ಶಾಲೆಗೆ ತಂದು, ಪಾಚಿಗಟ್ಟಿದ ಆ ಕೊಳಕ್ಕೆ ಹಾಕುತ್ತಾರೆ. ಇನ್ನು ಕಾಯುವುದಷ್ಟೇ. ದೇಹ ತೇಲಿದರೆ ಕುಡಿದು ಬಿದ್ದು ಸತ್ತನೆಂದು ಲೋಕ ನಂಬುತ್ತದೆ. ಒಂದು ದಿನವಾಯಿತು, ಎರಡು ದಿನವಾಯಿತು, ದೇಹ ತೇಲಲಿಲ್ಲ. ಕೊನೆಗೆ ಏನೋ ನೆಪ ಹುಟ್ಟಿಸಿ ಕೊಳದ ನೀರು ಬಸಿಯುವಂತೆ ಮಾಡುತ್ತಾರೆ. ನೀರು ಇಳಿಯುತ್ತಾ ಹೋಗುತ್ತದೆ. ತಳ ಕಾಣುತ್ತದೆ. ತಳದಲ್ಲಿ ಕೆಸರು ಬಿಟ್ಟರೆ ಏನೂ ಇಲ್ಲ.

ಆಮೇಲೆ, ಸತ್ತಾಗ ಅವನ ಮೈಮೇಲಿದ್ದ ಸೂಟು ಒಗೆದು ಇಸ್ತ್ರಿಯಾಗಿ ಲಾಂಡ್ರಿಯಿಂದ ಬರುತ್ತದೆ. ಒಬ್ಬ ಹುಡುಗ, ಹೆಡ್‌ಮಾಸ್ತರರು ಈಗಷ್ಟೇ ಶಿಕ್ಷೆ ಕೊಟ್ಟರು ಎನ್ನುತ್ತಾನೆ. ಇದಕ್ಕಿಂತ ಮುಂದೆ ಹೇಳುವುದು ಆ ಮನವಿಗೆ ದ್ರೋಹ.

ಮುಚ್ಚಿದ ಬಾಗಿಲು

ಆ ಕಾಲದ ಪ್ಯಾರಿಸ್ಸಿನಲ್ಲೂ ನ್ಯೂಯಾರ್ಕಿನಲ್ಲೂ ಅನೇಕ ಚಿತ್ರಮಂದಿರಗಳಲ್ಲಿ ಪ್ರದರ್ಶನಗಳು ಒಂದರ ಬೆನ್ನಿಗೊಂದು ಎಡೆಬಿಡದೆ ನಡೆಯುತ್ತಿದ್ದವು. ಟಿಕೆಟ್ ಕೊಂಡವನು ಯಾವಾಗ ಬೇಕಾದರೂ ಒಳಗೆ ಬರಬಹುದು. ಮಧ್ಯದಿಂದ ನೋಡಿ, ಮುಂದಿನ ಆಟದಲ್ಲಿ ಮೊದಲ ಭಾಗ ನೋಡಿ, ತಾನು ಬಂದ ಜಾಗಕ್ಕೆ ಕಥೆ ಬಂದಾಗ ಎದ್ದು ಹೋಗಬಹುದು. ಇಂಥ ಪದ್ಧತಿಯಲ್ಲಿ ಗುಟ್ಟಿನ ಚಿತ್ರ ಉಳಿಯುವುದು ಹೇಗೆ? ಅದಕ್ಕಾಗಿಯೇ ‘ಲೇ ಡಿಯಾಬೋಲಿಕ್’ ಆರಂಭವಾದ ಮೇಲೆ ಬಾಗಿಲು ಹಾಕುವ ಕ್ರಮ ಬಂತು. ತಡವಾಗಿ ಬಂದವರು ಮುಂದಿನ ಆಟಕ್ಕೆ ಕಾಯಬೇಕು.

ನ್ಯೂಯಾರ್ಕಿನಲ್ಲಿ ಅದೇ 1955ರ ನವೆಂಬರಿನಲ್ಲಿ ಈ ಚಿತ್ರ ತೆರೆಕಂಡದ್ದು ಫೈನ್ ಆರ್ಟ್ಸ್ ಎಂಬ ಚಿತ್ರಮಂದಿರದಲ್ಲಿ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ದೊಡ್ಡ ಊರುಗಳಲ್ಲಿ ಇಂಥ ಕಲಾಚಿತ್ರಮಂದಿರಗಳು ಬೆಳೆದಿದ್ದವು. ಇಟಲಿ, ಫ್ರಾನ್ಸ್, ಜಪಾನಿನ ಚಿತ್ರಗಳಿಗೆ ಅಲ್ಲಿ ಜಾಗವಿತ್ತು. ಆ ವರ್ಷ ನ್ಯೂಯಾರ್ಕಿನ ವಿಮರ್ಶಕರ ಬಳಗ ಅತ್ಯುತ್ತಮ ವಿದೇಶಿ ಚಿತ್ರವೆಂದು ಎರಡನ್ನು ಜೊತೆಯಾಗಿ ಆರಿಸಿತು: ಒಂದು ಡಿ ಸಿಕಾ ನಿರ್ದೇಶಿಸಿದ ‘ಉಂಬರ್ತೋ ಡಿ’, ಇನ್ನೊಂದು ಇದು. ಮುದುಕನೊಬ್ಬನ ಒಂಟಿತನದ ಚಿತ್ರಕ್ಕೂ ಕೊಲೆಯ ಚಿತ್ರಕ್ಕೂ ಒಂದೇ ಪಂಕ್ತಿ! ರೋಚಕ ಕಥೆ ಎಂದರೆ ಎರಡನೆಯ ದರ್ಜೆಯದು ಎಂಬ ಮಡಿವಂತಿಕೆ ಕಲಾಚಿತ್ರಮಂದಿರದಲ್ಲೇ ಮುರಿಯಿತು.

ಪರಭಾಷೆಯ ಪತ್ತೇದಾರಿ ಚಿತ್ರವನ್ನು ಇಂಥ ಕಡೆ ನೋಡುವ ಅನುಭವವೇ ಬೇರೆ. ಅಲ್ಲಿ ಮಧ್ಯಂತರವಿಲ್ಲ. ಕಡಲೆಕಾಯಿ, ಕಾಫಿಯ ನೆಪದಲ್ಲಿ ಹೊರಗೆ ಬಂದು ಕೊಲೆಗಾರ ಯಾರೆಂದು ಚರ್ಚಿಸುವ ಬಿಡುವಿಲ್ಲ. ಸುಮಾರು ಎರಡು ಗಂಟೆ ಉಸಿರು ಬಿಗಿಹಿಡಿದು ಕೂರಬೇಕು. ಭಾಷೆ ತಿಳಿಯದವನ ಒಂದು ಕಣ್ಣು ಮುಖಗಳ ಮೇಲೆ, ಇನ್ನೊಂದು ಕಣ್ಣು ಕೆಳಗಿನ ಸಾಲಿನ ಮೇಲೆ. ಉಪಶೀರ್ಷಿಕೆ ಬರೆಯುವವನ ಕೆಲಸವೂ ಸೂಕ್ಷ್ಮದ್ದು. ಪಾತ್ರ ಬಾಯಿ ತೆರೆಯುವ ಮೊದಲೇ ಅಕ್ಷರ ಮೂಡಿದರೆ, ಬೆಚ್ಚಿಬೀಳಿಸಬೇಕಾದ ಮಾತು ಕಣ್ಣಿಗೆ ಮೊದಲು ಸಿಕ್ಕಿ ಕಿವಿಗೆ ಬರುವಷ್ಟರಲ್ಲಿ ತಣ್ಣಗಾಗಿರುತ್ತದೆ.

ಈ ಚಿತ್ರದಲ್ಲಿ ಅಕ್ಷರಗಳಿಗಿಂತ ಹೆಚ್ಚು ಹೇಳುವುದು ಸದ್ದು. ಆರಂಭದ ಮತ್ತು ಕೊನೆಯ ಹೆಸರುಗಳ ಹೊತ್ತಿಗೆ ಬಿಟ್ಟರೆ ಚಿತ್ರದುದ್ದಕ್ಕೂ ಹಿನ್ನೆಲೆ ಸಂಗೀತವಿಲ್ಲ. ಹೆದರಿಕೆ ಬರಿಸಲು ಪಿಟೀಲು ಕಿರುಚುವುದಿಲ್ಲ. ತೊಟ್ಟಿಕ್ಕುವ ನಲ್ಲಿ, ಕಿರುಗುಡುವ ಬಾಗಿಲು, ಕಾರಿಡಾರಿನಲ್ಲಿ ಯಾರದೋ ಹೆಜ್ಜೆ. ಮನೆಯ ಟಿ.ವಿ. ಮುಂದೆ ಕುಳಿತವನಿಗೆ ಕುಕ್ಕರಿನ ಸೀಟಿಯಲ್ಲಿ ಇವೆಲ್ಲ ಮುಳುಗಿಹೋಗಬಹುದು. ಕತ್ತಲ ಹಾಲಿನಲ್ಲಿ ಪಕ್ಕದವನ ಉಸಿರೂ ಕೇಳುವಂಥ ಮೌನವಿದ್ದಾಗಲೇ ಒಂದು ಹನಿಗೆ ಅಷ್ಟು ಬೆಲೆ.

ಹಿಚ್‌ಕಾಕ್ ಕಲಿತ ಪಾಠ

ಇದೇ ಕಾದಂಬರಿಯ ಮೇಲೆ ಆಲ್ಫ್ರೆಡ್ ಹಿಚ್‌ಕಾಕ್ ಕೂಡ ಕಣ್ಣಿಟ್ಟಿದ್ದರು, ಕ್ಲೂಜೋ ಮೊದಲೇ ಹಕ್ಕು ಗಿಟ್ಟಿಸಿಕೊಂಡರು ಎಂಬುದು ಚಿತ್ರರಂಗದಲ್ಲಿ ಪದೇ ಪದೇ ಕೇಳಿಬರುವ ಮಾತು. ಆಮೇಲೆ ನಡೆದದ್ದಕ್ಕಂತೂ ದಾಖಲೆಯಿದೆ. ಅದೇ ಜೋಡಿ ಲೇಖಕರ 1954ರ ಇನ್ನೊಂದು ಕಾದಂಬರಿಯನ್ನು ಹಿಚ್‌ಕಾಕ್ ಎತ್ತಿಕೊಂಡು 1958ರಲ್ಲಿ ‘ವರ್ಟಿಗೋ’ ಮಾಡಿದರು. 1960ರಲ್ಲಿ, ರಾಬರ್ಟ್ ಬ್ಲಾಕ್ ಬರೆದ ಕಾದಂಬರಿಯಿಂದ ‘ಸೈಕೋ’ ತಂದರು; ಅದೂ ಕಪ್ಪು ಬಿಳುಪಿನಲ್ಲಿ, ಅಲ್ಲಿಯೂ ಸ್ನಾನದ ಮನೆ. ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಚಿತ್ರಮಂದಿರಗಳಿಗೆ ಷರತ್ತು ಹಾಕಿದರು. ಪರಭಾಷೆಯ ಚಿತ್ರ ತೋರಿಸುವ ಸಣ್ಣ ಹಾಲುಗಳ ಶಿಸ್ತು ಹೀಗೆ ಅಮೆರಿಕದ ಸಾಮಾನ್ಯ ಪ್ರೇಕ್ಷಕನವರೆಗೆ ಬಂತು. ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕೆಂಬ, ಇಂದು ಸಹಜವೆನಿಸುವ ನಿಯಮವನ್ನು ಗಟ್ಟಿಗೊಳಿಸಿದ ಚಿತ್ರಗಳಲ್ಲಿ ಈ ಎರಡಕ್ಕೂ ಪಾಲಿದೆ.

ಆದರೆ ಗುಟ್ಟೇ ಎಲ್ಲವೂ ಅಲ್ಲವೆಂಬುದು ಈ ಇಬ್ಬರಿಗೂ ಗೊತ್ತಿತ್ತು. ಮೇಜಿನ ಕೆಳಗೆ ಬಾಂಬು ಇರುವುದು ಪ್ರೇಕ್ಷಕನಿಗೆ ತಿಳಿಯದಿದ್ದರೆ ಅದು ಸಿಡಿದಾಗ ಒಂದು ಕ್ಷಣದ ಬೆಚ್ಚು. ಮೊದಲೇ ತಿಳಿದಿದ್ದರೆ ಸಿಡಿಯುವವರೆಗೂ ತಳಮಳ. ಹೀಗೆ ಹೇಳುತ್ತಿದ್ದವರು ಹಿಚ್‌ಕಾಕ್. ‘ವರ್ಟಿಗೋ’ದಲ್ಲಿ ಅವರು ಗುಟ್ಟನ್ನು ಕೊನೆಯವರೆಗೆ ಇಟ್ಟುಕೊಳ್ಳದೆ ಮೊದಲೇ ಪ್ರೇಕ್ಷಕನ ಕೈಗಿತ್ತರು. ಕ್ಲೂಜೋ ಕೂಡ ಅಂಥದನ್ನು ಮಾಡಿದ್ದವರೇ. ಜಾರ್ಜ್ ಆರ್ನೋನ ಕಾದಂಬರಿ ಆಧರಿಸಿದ ಅವರ 1953ರ ‘ದಿ ವೇಜಸ್ ಆಫ್ ಫಿಯರ್’ ಚಿತ್ರದಲ್ಲಿ ನಾಲ್ವರು ಕಡುಬಡವರು ನೈಟ್ರೊಗ್ಲಿಸರಿನ್ ತುಂಬಿದ ಎರಡು ಲಾರಿಗಳನ್ನು ಗುಡ್ಡಗಾಡಿನ ರಸ್ತೆಯಲ್ಲಿ ಓಡಿಸುತ್ತಾರೆ. ಒಂದು ಕುಲುಕಿಗೆ ಎಲ್ಲವೂ ಭಸ್ಮ. ಅಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಲಾರಿಯಲ್ಲಿರುವುದು ಏನೆಂದು ಎಲ್ಲರಿಗೂ ಗೊತ್ತು. ಹೆದರಿಕೆ ಇರುವುದೇ ಆ ಗೊತ್ತಿನಲ್ಲಿ.

ಹಾಗಾದರೆ ಕೊನೆ ತಿಳಿದುಬಿಟ್ಟರೆ ‘ಲೇ ಡಿಯಾಬೋಲಿಕ್’ ನೀರಸವಾಗುತ್ತದೆಯೇ? ಇಲ್ಲ. ಎರಡನೆಯ ಸಲ ನೋಡುವಾಗ ಅದು ಬೇರೆಯದೇ ಚಿತ್ರವಾಗುತ್ತದೆ. ಕೊಲೆಗಿಂತ ಹೆಚ್ಚಾಗಿ ಆ ಶಾಲೆ ಮನಸ್ಸಿಗೆ ಬರುತ್ತದೆ: ಜಿಪುಣತನ, ನಾರುವ ಊಟ, ಎಲ್ಲವನ್ನೂ ನೋಡುವ ಮಕ್ಕಳು, ಏನನ್ನೂ ಕಾಣದಂತೆ ನಟಿಸುವ ಮೇಷ್ಟರುಗಳು. ಸಿಮೋನ್ ಸಿನ್ಯೊರೆಯ ನಿಕೋಲ್‌ಳ ಬಿಗಿದ ತುಟಿ, ಶಾರ್ಲ್ ವನೆಲ್ ನಟಿಸಿದ ನಿವೃತ್ತ ಪೊಲೀಸ್ ಅಧಿಕಾರಿಯ ಸುಕ್ಕಾದ ಕೋಟು ಆಗ ಸರಿಯಾಗಿ ಕಣ್ಣಿಗೆ ಬೀಳುತ್ತವೆ.

ಕ್ರಿಸ್ತೀನಾಳ ಪಾತ್ರ ಮಾಡಿದ ವೇರಾ ನಿರ್ದೇಶಕ ಕ್ಲೂಜೋರ ಪತ್ನಿ. ಬ್ರೆಜಿಲ್‌ನಲ್ಲಿ ಹುಟ್ಟಿದ ಅವರು ನಟಿಸಿದ್ದು ಮೂರೇ ಚಿತ್ರಗಳಲ್ಲಿ, ಮೂರೂ ಗಂಡನವೇ. ತೆರೆಯ ಮೇಲೆ ದುರ್ಬಲ ಹೃದಯದ ಹೆಂಗಸಾಗಿ ಕಂಡ ವೇರಾ 1960ರ ಡಿಸೆಂಬರಿನಲ್ಲಿ, ಐವತ್ತು ತುಂಬುವ ಮೊದಲೇ, ಹೃದಯಾಘಾತದಿಂದ ತೀರಿಕೊಂಡರು. ಇದನ್ನು ತಿಳಿದ ಮೇಲೆ, ಮೆಟ್ಟಿಲೇರುವಾಗ ಎದೆಯ ಮೇಲೆ ಕೈಯಿಡುವ ಕ್ರಿಸ್ತೀನಾಳನ್ನು ಬರಿಯ ಪಾತ್ರವೆಂದು ನೋಡುವುದು ಕಷ್ಟ.

1996ರಲ್ಲಿ ಹಾಲಿವುಡ್ ಈ ಕಥೆಯನ್ನು ಬಣ್ಣದಲ್ಲಿ, ಶರಾನ್ ಸ್ಟೋನ್ ಮತ್ತು ಇಸಬೆಲ್ ಅಜಾನಿಯಂಥ ತಾರೆಯರನ್ನು ಹಾಕಿ, ಕೊನೆಯನ್ನು ಬದಲಿಸಿ ಮತ್ತೆ ತೆಗೆಯಿತು. ಅಲ್ಲಿ ಹೊಸ ತಿರುವೇನೋ ಇತ್ತು, ಆ ಕೊಳದ ನೀರಿನ ವಾಸನೆ ಇರಲಿಲ್ಲ.

ನಮ್ಮ ಚಿತ್ರಸಮಾಜಗಳು

ಇಂಥ ಚಿತ್ರಗಳನ್ನು ನೋಡಲು ಭಾರತದಲ್ಲಿ ಬಹುಕಾಲ ಇದ್ದ ದಾರಿ ಚಿತ್ರಸಮಾಜಗಳದು. ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮತ್ತು ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದ್ದು 1947ರಲ್ಲಿ. ಬೆಂಗಳೂರಿನ ಸುಚಿತ್ರಾ 1971ರಲ್ಲಿ ಹುಟ್ಟಿತು. 1973ರಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ, ಸಾಗರದ ಬಳಿಯ ಪುಟ್ಟ ಹಳ್ಳಿ ಹೆಗ್ಗೋಡಿನಲ್ಲಿ ಚಿತ್ರಸಮಾಜ ಶುರುಮಾಡಿ, ಅಡಕೆ ತೋಟದ ಜನ ಜಗತ್ತಿನ ಚಿತ್ರಗಳನ್ನು ನೋಡುವಂತೆ ಮಾಡಿತು. ಪರಭಾಷೆಯ ಚಿತ್ರ ಪೇಟೆಯ ಓದಿದವರಿಗೆ ಮಾತ್ರ ಎಂಬ ಮಾತಿಗೆ ಹೆಗ್ಗೋಡು ಕೊಟ್ಟಷ್ಟು ಒಳ್ಳೆಯ ಉತ್ತರ ಬೇರೆಯಿಲ್ಲ.

ಚಿತ್ರಸಮಾಜಗಳಲ್ಲಿ ಪ್ರದರ್ಶನಕ್ಕೆ ಮೊದಲು ಸೈಕ್ಲೋಸ್ಟೈಲ್ ಮಾಡಿದ ಒಂದು ಹಾಳೆ ಹಂಚುವ ರೂಢಿಯಿತ್ತು. ನಿರ್ದೇಶಕನ ಪರಿಚಯ, ಚಿತ್ರದ ಹಿನ್ನೆಲೆ, ಕಥಾಸಾರ. ಭಾಷೆ ತಿಳಿಯದ ಪ್ರೇಕ್ಷಕನಿಗೆ ಅದೇ ಊರುಗೋಲು. ಚಿತ್ರ ಬರ್ಗ್‌ಮನ್‌ನದೋ ರಾಯ್ ಅವರದೋ ಆಗಿದ್ದರೆ ಕಥೆ ಪೂರ್ತಿ ಹೇಳಿದರೂ ನಷ್ಟವಿಲ್ಲ. ಪತ್ತೇದಾರಿ ಚಿತ್ರವಾದರೆ ಹಾಳೆ ಬರೆಯುವವನಿಗೆ ಪೀಕಲಾಟ. ಹೇಳದಿದ್ದರೆ ನೋಡುವವನು ಮಧ್ಯದಲ್ಲಿ ತಬ್ಬಿಬ್ಬಾಗುತ್ತಾನೆ. ಹೇಳಿದರೆ ನೋಡಲು ಉಳಿಯುವುದೇನು?

ಬಾಡಿಗೆ ಗ್ರಂಥಾಲಯಗಳಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ತಂದು ಒಂದೇ ಉಸಿರಿಗೆ ಓದಿದ ಕನ್ನಡಿಗರಿಗೆ ಈ ಸಂಕಟ ಹೊಸದಲ್ಲ. ಅಂಥ ಪುಸ್ತಕದ ಕೊನೆಯ ಹಾಳೆ ಹರಿದುಹೋಗಿದ್ದರೆ ಆಗುವ ಸಿಟ್ಟು ಒಂದು ಬಗೆಯದು. ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮ ಪೆನ್ಸಿಲಿನಿಂದ ಕೊಲೆಗಾರನ ಹೆಸರು ಗೀಚಿದ್ದರೆ ಆಗುವ ಸಿಟ್ಟು ಇನ್ನೊಂದು ಬಗೆಯದು. ಹರಿದ ಹಾಳೆ ಬೇರೆ ಪ್ರತಿಯಲ್ಲಿ ಸಿಕ್ಕೀತು. ಓದಿದ ಹೆಸರನ್ನು ತಲೆಯಿಂದ ಅಳಿಸುವುದು ಹೇಗೆ?

ಕ್ಲೂಜೋರ ಮನವಿಯ ಒಳಗಿರುವುದು ಈ ಪ್ರಶ್ನೆಯೇ. ಒಳ್ಳೆಯ ಚಿತ್ರವನ್ನು ಹತ್ತು ಸಲ ನೋಡಬಹುದು, ಆದರೆ ಮೊದಲ ಸಲ ನೋಡುವುದು ಒಂದೇ ಬಾರಿ. ಅದನ್ನು ಕಿತ್ತುಕೊಂಡವನು ಎಷ್ಟು ಕ್ಷಮೆ ಕೇಳಿದರೂ ಹಿಂದಿರುಗಿಸಲಾರ. ಅದಕ್ಕಾಗಿ 1955ರಲ್ಲಿ ಬಾಗಿಲು ಮುಚ್ಚಿದರು. ಈಗ ಮುಚ್ಚಲು ಬಾಗಿಲೇ ಇಲ್ಲ. ಚಿತ್ರ ಅಂಗೈಯಲ್ಲಿದೆ, ಬೇಕಾದಲ್ಲಿ ನಿಲ್ಲಿಸಬಹುದು, ಬೇಸರವಾದರೆ ಕೊನೆಗೇ ಹಾರಬಹುದು. ಬಿಡುಗಡೆಯ ದಿನ ಮಧ್ಯಾಹ್ನದೊಳಗೆ ಕಥೆಯ ತಿರುವು ಮೊಬೈಲಿನಿಂದ ಮೊಬೈಲಿಗೆ ಹರಿದಿರುತ್ತದೆ. ಹೇಳುವವನಿಗೆ ಮೊದಲು ನೋಡಿದೆನೆಂಬ ಹೆಮ್ಮೆ, ಕೇಳಿದವನಿಗೆ ಟಿಕೆಟ್ಟಿನ ಹಣ ಉಳಿಯಿತೆಂಬ ಸಮಾಧಾನ. ಕಳೆದುಕೊಂಡದ್ದೇನೆಂದು ಇಬ್ಬರಿಗೂ ತಿಳಿಯುವುದಿಲ್ಲ.

ಬಾಗಿಲು ಕಾಯುವವನು ಇಲ್ಲದಾದ ಮೇಲೆ ಆ ಕೆಲಸ ನೋಡಿದವರದೇ. ಅದಕ್ಕೆ ಖರ್ಚಿಲ್ಲ, ಕಾನೂನೂ ಬೇಕಿಲ್ಲ. ಚಿತ್ರ ಹೇಗಿದೆ, ಕೊನೆಗೆ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ, ‘ನೋಡಿ ಬನ್ನಿ, ಆಮೇಲೆ ಕೂತು ಮಾತಾಡೋಣ’ ಎಂದರೆ ಸಾಕು.